ಅಡಾಪ್ಟಿವ್ ಟ್ರಯಲ್‌ಗೆ ಆರ್‌ಪ್ಯಾಕ್ಟ್: ಲೆಕ್ಕ ಅದರದು, ಎಚ್ಚರ ನಮ್ಮದು

ಕ್ಲಿನಿಕಲ್ ಟ್ರಯಲ್ ಅರ್ಧ ದಾರಿಗೆ ಬಂದಾಗ, ಅಲ್ಲಿಯವರೆಗೆ ಸಿಕ್ಕ ಫಲಿತಾಂಶ ನೋಡಿ ಉಳಿದರ್ಧವನ್ನು ಹೇಗೆ ನಡೆಸಬೇಕೆಂದು ತೀರ್ಮಾನಿಸುವುದೇ ಅಡಾಪ್ಟಿವ್ ಡಿಸೈನ್. ರೋಗಿಗಳ ಸಂಖ್ಯೆ ಹೆಚ್ಚಿಸಬಹುದು, ಕೆಲಸ ಮಾಡದ ಡೋಸನ್ನು ಕೈಬಿಡಬಹುದು, ಔಷಧ ಯಾರಲ್ಲಿ ಗುಣ ತೋರುತ್ತಿದೆಯೋ ಅಂಥವರನ್ನಷ್ಟೇ ಮುಂದೆ ಸೇರಿಸಿಕೊಳ್ಳಬಹುದು, ಇಲ್ಲವೇ ಟ್ರಯಲನ್ನೇ ನಿಲ್ಲಿಸಬಹುದು. ಷರತ್ತು ಎರಡೇ. ಏನನ್ನು, ಯಾವ ನಿಯಮದಂತೆ ಬದಲಿಸುತ್ತೇವೆಂದು ಮೊದಲೇ ಪ್ರೋಟೋಕಾಲ್‌ನಲ್ಲಿ (ಟ್ರಯಲ್‌ನ ಲಿಖಿತ ಯೋಜನೆಯಲ್ಲಿ) ಬರೆದಿರಬೇಕು. ಇಷ್ಟೆಲ್ಲ ಬದಲಿಸಿದ ಮೇಲೂ, ಗುಣವಿಲ್ಲದ ಔಷಧ ಗೆದ್ದುಬಿಡುವ ಸಂಭವ (ಇದನ್ನೇ ಆಲ್ಫಾ ಎನ್ನುತ್ತಾರೆ) ಏಕಮುಖ ಪರೀಕ್ಷೆಯಲ್ಲಿ, ಅಂದರೆ ಔಷಧ ಮೇಲೇ ಎಂದಷ್ಟೇ ನೋಡುವ ಪರೀಕ್ಷೆಯಲ್ಲಿ, 2.5% ಮೀರಕೂಡದು. ಈ ಎರಡನೇ ಷರತ್ತಿನ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಮಾಡಿ ಮುಗಿಸಲು ಆಗುವುದಿಲ್ಲ. ಅದಕ್ಕೆಂದೇ ಇರುವ ಸಾಫ್ಟ್‌ವೇರ್‌ಗಳಲ್ಲಿ ದುಡ್ಡು ಕೊಡದೆ ಸಿಗುವ, ನಂಬಿ ಬಳಸಬಹುದಾದ ಒಂದು ಆರ್‌ಪ್ಯಾಕ್ಟ್.

ಇದು ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜ್. ಬರೆದವರು ಗೆರ್ನೋಟ್ ವಾಸ್ಮರ್ ಮತ್ತು ಫ್ರೀಡ್ರಿಶ್ ಪಾಲ್ಕೆ. ಆರ್ ಪ್ಯಾಕೇಜ್‌ಗಳ ಸಿರಾನ್ ಭಂಡಾರಕ್ಕೆ 2018ರಲ್ಲಿ ಬಂತು. ಎಲ್‌ಜಿಪಿಎಲ್ ಪರವಾನಗಿ ಇರುವುದರಿಂದ ಕಂಪನಿಯ ಕೆಲಸಕ್ಕೂ ಶುಲ್ಕವಿಲ್ಲ. ವಾಸ್ಮರ್ ಈ ವಿಷಯಕ್ಕೆ ಹೊಸಬರಲ್ಲ. ಮಧ್ಯಂತರದಲ್ಲಿ ಸಂಖ್ಯೆ ಬದಲಿಸಿದರೂ ಆಲ್ಫಾ ಕೆಡದಂತೆ ಕಾಯುವ ಇನ್ವರ್ಸ್ ನಾರ್ಮಲ್ ವಿಧಾನವನ್ನು ವಾಲ್ಟರ್ ಲೇಮಾಕರ್ ಜೊತೆ 1999ರಲ್ಲಿ ಪ್ರಕಟಿಸಿದವರು ಅವರೇ. ವಿಧಾನ ಕಂಡುಹಿಡಿದವರ ಕೈಯಲ್ಲೇ ಸಾಫ್ಟ್‌ವೇರ್ ಬೆಳೆದಿರುವುದು ಒಳಗಿನ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಕೋಡ್ ಬರೆಯಲು ಮನಸ್ಸಿಲ್ಲದವರಿಗೆ ಬ್ರೌಸರ್‌ನಲ್ಲೇ ನಡೆಯುವ ಶೈನಿ ಆವೃತ್ತಿಯೂ ಇದೆ. ಬಟನ್ ಒತ್ತಿ ಮಾಡಿದ ಕೆಲಸದ ಆರ್ ಕೋಡನ್ನೂ ಅದು ಬರೆದುಕೊಡುವುದರಿಂದ ಕಲಿಯುವವರು ಅಲ್ಲಿಂದ ಶುರುಮಾಡುವುದು ಒಳ್ಳೆಯದು.

ಇನ್‌ಸ್ಟಾಲ್ ಮಾಡುವ ಮೊದಲು

ಬೇರೆಲ್ಲಕ್ಕಿಂತ ಮುಂಚೆ ಕಾಗದ ಪೆನ್ಸಿಲ್ ಹಿಡಿದು ಮಾಡಬೇಕಾದ ಒಂದು ಲೆಕ್ಕವಿದೆ. ಅದನ್ನು ಆರ್‌ಪ್ಯಾಕ್ಟ್ ತಾನಾಗಿ ಕೇಳುವುದಿಲ್ಲ. 200 ರೋಗಿಗಳನ್ನು 18 ತಿಂಗಳಲ್ಲಿ ಒಂದೇ ವೇಗದಲ್ಲಿ ಸೇರಿಸಿಕೊಳ್ಳುತ್ತೀರಿ, ಫಲಿತಾಂಶ ಅಳೆಯುವುದು 12 ತಿಂಗಳ ನಂತರ ಎಂದಿಟ್ಟುಕೊಳ್ಳಿ. ಅರ್ಧ ರೋಗಿಗಳು ಸೇರಿ ಮುಗಿಯುವುದು 9ನೇ ತಿಂಗಳಿಗೆ. ಅವರೆಲ್ಲರ ಫಲಿತಾಂಶ ಕೈಗೆ ಬರುವುದು 21ನೇ ತಿಂಗಳಿಗೆ. ಅಷ್ಟರಲ್ಲಿ ಕೊನೆಯ ರೋಗಿಯೂ ಸೇರಿ ಮೂರು ತಿಂಗಳಾಗಿರುತ್ತದೆ. ಉಳಿಸಲು ರೋಗಿಗಳೇ ಇಲ್ಲ. ಸಂಖ್ಯೆ ಹೆಚ್ಚಿಸಬೇಕೆಂದರೆ ಮುಚ್ಚಿದ ಕೇಂದ್ರಗಳನ್ನು ಮತ್ತೆ ತೆರೆಯಬೇಕು. ಇಂಥ ಟ್ರಯಲ್‌ಗೆ ಅಡಾಪ್ಟಿವ್ ಡಿಸೈನ್ ಖರ್ಚೇ ಹೊರತು ಲಾಭವಲ್ಲ. ಫಲಿತಾಂಶ 4 ಅಥವಾ 8 ವಾರಕ್ಕೆ ಸಿಗುವಂತಿದ್ದು, ಸೇರ್ಪಡೆ ನಿಧಾನವಾಗಿದ್ದರೆ ಮಾತ್ರ ಮುಂದಿನ ಮಾತು. ನಡುವಿನ ಸ್ಥಿತಿಯಲ್ಲಿರುವವರಿಗೆ, ಅಂದರೆ ಮಧ್ಯಂತರ ವಿಶ್ಲೇಷಣೆಯ ಹೊತ್ತಿಗೆ ಇನ್ನೂ ಕೆಲವರ ಫಲಿತಾಂಶ ದಾರಿಯಲ್ಲಿರುವ ಟ್ರಯಲ್‌ಗಳಿಗೆ, ತಡವಾಗಿ ಬರುವ ಮಾಹಿತಿಯನ್ನು ಲೆಕ್ಕಕ್ಕೆ ಹಿಡಿಯುವ ಸೌಲಭ್ಯ ಆರ್‌ಪ್ಯಾಕ್ಟ್‌ನಲ್ಲಿ ಸೇರಿದೆ. ಗ್ರೂಪ್ ಸೀಕ್ವೆನ್ಷಿಯಲ್ ಡಿಸೈನ್‌ಗೆ, ಅಂದರೆ ಸಂಖ್ಯೆ ಬದಲಿಸದೆ ನಡುವೆ ನೋಡಿ ನಿಲ್ಲಿಸಲಷ್ಟೇ ಅವಕಾಶವಿರುವ ಡಿಸೈನ್‌ಗೆ, 'ಡಿಲೇಡ್ ಇನ್ಫರ್ಮೇಷನ್' ಎಂಬ ಆರ್ಗ್ಯುಮೆಂಟ್ ಕೊಟ್ಟರೆ ಸಾಕು.

ಗಡಿ ಹಾಕುವುದು

ಒಂದೇ ಡೇಟಾವನ್ನು ಮತ್ತೆಮತ್ತೆ ಇಣುಕಿ ನೋಡಿದಷ್ಟೂ ತಪ್ಪು ಗೆಲುವಿನ ಸಂಭವ ಏರುತ್ತದೆ. ದ್ವಿಮುಖ (ಎರಡೂ ದಿಕ್ಕಿನ ವ್ಯತ್ಯಾಸ ನೋಡುವ) 5% ಮಟ್ಟದಲ್ಲಿ ಸಮ ಅಂತರದಲ್ಲಿ ಎರಡು ಸಲ ನೋಡಿದರೆ ಅದು 8.3% ಆಗುತ್ತದೆ, ಮೂರು ಸಲಕ್ಕೆ 10.7%, ಐದು ಸಲಕ್ಕೆ 14.2%. ಹಾಗಾಗಿ ಪ್ರತಿ ಸಲವೂ ದಾಟಬೇಕಾದ ಗಡಿಯನ್ನು ಎತ್ತರಿಸಬೇಕು. ಆರ್‌ಪ್ಯಾಕ್ಟ್‌ನಲ್ಲಿ ಏನೂ ಹೇಳದೆ ಡಿಸೈನ್ ಕೇಳಿದರೆ ಮೂರು ಹಂತ, ಏಕಮುಖ ಆಲ್ಫಾ 0.025, ಮೊದಲು ಕಠಿಣವಾಗಿದ್ದು ಕೊನೆಗೆ ಸಡಿಲವಾಗುವ ಓಬ್ರಯನ್–ಫ್ಲೆಮಿಂಗ್ ಗಡಿ ಸಿಗುತ್ತದೆ. ಝಡ್ ಅಳತೆಯಲ್ಲಿ (ಕಂಡ ವ್ಯತ್ಯಾಸ ತನ್ನ ಮಾನಕ ದೋಷದ ಎಷ್ಟು ಪಟ್ಟು ಎಂಬ ಅಳತೆ) ಆ ಗಡಿಗಳು 3.471, 2.454, 2.004. ಪೊಕಾಕ್ ಕೇಳಿದರೆ ಮೂರೂ ಕಡೆ 2.289.

ಪೊಕಾಕ್ ಗಡಿ ನೋಡಲು ಆಕರ್ಷಕ. ಮೊದಲ ನೋಟದಲ್ಲೇ ಗೆಲ್ಲುವ ಆಸೆ ಹುಟ್ಟಿಸುತ್ತದೆ. ಆದರೆ ಕೊನೆಯ ಹಂತದಲ್ಲಿ ಏಕಮುಖ ಪಿ-ಮೌಲ್ಯ (ಗುಣವಿಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಒಳ್ಳೆಯ ಫಲಿತಾಂಶ ಕಾಣುವ ಸಂಭವ) 0.011ಕ್ಕಿಂತ ಕೆಳಗಿಳಿಯಲೇಬೇಕು. ಪೂರ್ತಿ ಟ್ರಯಲ್ ನಡೆಸಿ ಕೊನೆಗೆ 0.018 ಬಂದರೆ ಸೋತಂತೆಯೇ. ಜೊತೆಗೆ 80% ಪವರ್‌ಗೆ (ನಿಜವಾಗಿ ಗುಣವಿರುವ ಔಷಧ ಗೆಲ್ಲುವ ಸಂಭವಕ್ಕೆ) ಗರಿಷ್ಠ ರೋಗಿಗಳ ಸಂಖ್ಯೆ ಮಧ್ಯಂತರ ನೋಟವಿಲ್ಲದ ಸಾದಾ ಡಿಸೈನ್‌ಗಿಂತ ಸುಮಾರು 17% ಹೆಚ್ಚಬೇಕು. ಓಬ್ರಯನ್–ಫ್ಲೆಮಿಂಗ್‌ಗೆ ಅದು ಬರೀ 1.7%. ದೃಢೀಕರಣದ ಟ್ರಯಲ್‌ನಲ್ಲಿ ಪೊಕಾಕ್ ಆರಿಸಲು ಬಲವಾದ ಕಾರಣ ಬೇಕು.

ಇಲ್ಲೊಂದು ಸಣ್ಣ ಅಕ್ಷರದ ವ್ಯತ್ಯಾಸ ದೊಡ್ಡ ಪರಿಣಾಮ ಮಾಡುತ್ತದೆ. ಡಿಸೈನ್ ಮಾದರಿಯ ಜಾಗದಲ್ಲಿ 'ಓಎಫ್' ಎಂದು ಬರೆದರೆ ಮೂಲ ಓಬ್ರಯನ್–ಫ್ಲೆಮಿಂಗ್ ಗಡಿ. 'ಎಎಸ್‌ಓಎಫ್' ಎಂದರೆ ಆಲ್ಫಾವನ್ನು ಕಂತುಕಂತಾಗಿ ಖರ್ಚುಮಾಡುವ ಮಾದರಿ, ಗಡಿಗಳು 3.710, 2.511, 1.993. ಸಾದಾ ಗ್ರೂಪ್ ಸೀಕ್ವೆನ್ಷಿಯಲ್ ಟ್ರಯಲ್‌ಗೆ ಎರಡನೆಯದನ್ನೇ ಆರಿಸಿ. ಮಧ್ಯಂತರ ವಿಶ್ಲೇಷಣೆ ಯೋಜಿತ ಮಾಹಿತಿಯ 33%ಗೆ ಬದಲು 38%ಗೆ ನಡೆದುಹೋಯಿತು ಎನ್ನಿ. ಇದು ಪ್ರತಿ ಟ್ರಯಲ್‌ನಲ್ಲೂ ಆಗುವಂಥದ್ದು. ಆಲ್ಫಾ ಖರ್ಚಿನ ಮಾದರಿಯಲ್ಲಿ ಯೋಜಿತ ಗರಿಷ್ಠ ಮಾಹಿತಿಯನ್ನು ತಿಳಿಸಿದರೆ ಆರ್‌ಪ್ಯಾಕ್ಟ್ ಗಡಿಗಳನ್ನು ತಾನೇ ಮರುಲೆಕ್ಕ ಹಾಕುತ್ತದೆ. ಮೊದಲನೆಯದರಲ್ಲಿ ಆ ಅನುಕೂಲವಿಲ್ಲ.

ಇನ್ನೊಂದು: ಆಲ್ಫಾದ ಪೂರ್ವನಿಗದಿ ಬೆಲೆ 0.025. ಯಾರಾದರೂ ಪರೀಕ್ಷೆಯನ್ನು ದ್ವಿಮುಖಕ್ಕೆ ಬದಲಿಸಿ ಆಲ್ಫಾವನ್ನು ಹಾಗೇ ಬಿಟ್ಟರೆ ಅದು ದ್ವಿಮುಖ 0.025 ಎಂದೇ ಓದಿಕೊಳ್ಳುತ್ತದೆ. ಎಚ್ಚರಿಕೆ ಬರುವುದಿಲ್ಲ. ಸುಮ್ಮನೆ ಹೆಚ್ಚು ರೋಗಿಗಳನ್ನು ಕೇಳುತ್ತದೆ.

ಮಧ್ಯದಲ್ಲಿ ಸಂಖ್ಯೆ ಹೆಚ್ಚಿಸುವುದು: ಒಂದು ಲೆಕ್ಕ ಕೊನೆಯವರೆಗೆ

ಆರ್‌ಪ್ಯಾಕ್ಟ್‌ನ ಜೀವಾಳ ಇಲ್ಲಿದೆ. ಎರಡು ಗುಂಪು, ಸರಾಸರಿಗಳ ಹೋಲಿಕೆ, ನಿರೀಕ್ಷಿತ ವ್ಯತ್ಯಾಸ 0.4 ಮಾನಕ ವಿಚಲನೆ, ಪವರ್ 80%, ಎರಡು ಸಮ ಹಂತ, ಓಬ್ರಯನ್–ಫ್ಲೆಮಿಂಗ್. ಗಡಿಗಳು 2.797 ಮತ್ತು 1.977. ಬೇಕಾಗುವ ರೋಗಿಗಳು ಒಟ್ಟು ಸುಮಾರು 200, ಅಂದರೆ ಪ್ರತಿ ಹಂತಕ್ಕೆ ಪ್ರತಿ ಗುಂಪಿನಲ್ಲಿ 50. ಡಿಸೈನನ್ನು 'ಗೆಟ್ ಡಿಸೈನ್ ಇನ್ವರ್ಸ್ ನಾರ್ಮಲ್' ಫಂಕ್ಷನ್‌ನಿಂದ ಕಟ್ಟಬೇಕು. ಗ್ರೂಪ್ ಸೀಕ್ವೆನ್ಷಿಯಲ್ ಫಂಕ್ಷನ್‌ನಿಂದಲ್ಲ. ಎರಡರ ಗಡಿಗಳೂ ಒಂದೇ ಆದ್ದರಿಂದ ಯೋಜನೆಯ ಹೊತ್ತಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅದು ಕಾಣುವುದು ವಿಶ್ಲೇಷಣೆಯಲ್ಲಿ.

ಮೊದಲ ಹಂತ ಮುಗಿದಾಗ ಕಂಡ ವ್ಯತ್ಯಾಸ 0.28 ಎಂದುಕೊಳ್ಳಿ. ಝಡ್ 1.40, ಪಿ 0.081. ಗಡಿ ದಾಟಿಲ್ಲ. ಎರಡೂ ಹಂತದ ಝಡ್‌ಗಳನ್ನು ಕೂಡಿಸಿ 2ರ ವರ್ಗಮೂಲದಿಂದ ಭಾಗಿಸಿದ್ದು 1.977 ಮುಟ್ಟಬೇಕು. ಹಾಗಾದರೆ ಎರಡನೇ ಹಂತ ಒಂದೇ 1.396 ತರಬೇಕು. ಯೋಜಿಸಿದಂತೆ ಇನ್ನೂ 50+50 ರೋಗಿಗಳಲ್ಲೇ ನಿಲ್ಲಿಸಿದರೆ, ನಿಜವಾದ ವ್ಯತ್ಯಾಸವೂ 0.28 ಆಗಿದ್ದ ಪಕ್ಷದಲ್ಲಿ, ಗೆಲ್ಲುವ ಸಂಭವ 50%. ಮೊದಲು ಊಹಿಸಿದ 0.4 ನಿಜವಾಗಿದ್ದರೆ 73%. ಈಗ 0.28ಕ್ಕೇ 80% ಕಂಡೀಷನಲ್ ಪವರ್ (ಇದುವರೆಗಿನ ಫಲಿತಾಂಶ ಹಿಡಿದು ನೋಡಿದಾಗ ಕೊನೆಗೆ ಗೆಲ್ಲುವ ಸಂಭವ) ಬೇಕೆಂದರೆ ಎರಡನೇ ಹಂತಕ್ಕೆ ಪ್ರತಿ ಗುಂಪಿಗೆ 128 ರೋಗಿಗಳು, ಒಟ್ಟು 256. ಇಲ್ಲಿ ಕೊಟ್ಟ ಸಂಖ್ಯೆಗಳು ನಾರ್ಮಲ್ ಲೆಕ್ಕದವು. ಆರ್‌ಪ್ಯಾಕ್ಟ್ ಸರಾಸರಿಗಳಿಗೆ ಟಿ-ಪರೀಕ್ಷೆ ಬಳಸುವುದರಿಂದ ಅಲ್ಪಸ್ವಲ್ಪ ವ್ಯತ್ಯಾಸ ಕಾಣಬಹುದು.

ಸಂಖ್ಯೆ ಹೆಚ್ಚಿಸಿದ ಮೇಲೆ ಕೊನೆಯ ವಿಶ್ಲೇಷಣೆಯಲ್ಲಿ ಎಲ್ಲ 356 ರೋಗಿಗಳನ್ನು ಒಟ್ಟು ಹಾಕಿ ಸಾದಾ ಟಿ-ಪರೀಕ್ಷೆ ಮಾಡಿದರೆ ಆಲ್ಫಾ ಕೈತಪ್ಪಿತು. ಮಧ್ಯಂತರ ಫಲಿತಾಂಶ ನೋಡಿ ಮನಬಂದಂತೆ ಸಂಖ್ಯೆ ಬದಲಿಸುವ ಅವಕಾಶವಿದ್ದರೆ, ಅತಿ ಕೆಟ್ಟ ಪ್ರಸಂಗದಲ್ಲಿ ತಪ್ಪು ಗೆಲುವಿನ ಸಂಭವ ಎರಡು ಪಟ್ಟಿಗೂ ಮೀರಬಹುದೆಂದು ಪ್ರೋಶನ್ ಮತ್ತು ಹನ್ಸ್‌ಬರ್ಗರ್ 1995ರಲ್ಲೇ ತೋರಿಸಿದ್ದಾರೆ. ಇನ್ವರ್ಸ್ ನಾರ್ಮಲ್ ವಿಧಾನ ಇದನ್ನು ತಡೆಯುವುದು ಹೀಗೆ: ಪ್ರತಿ ಹಂತದ ಪಿ-ಮೌಲ್ಯವನ್ನು ಆ ಹಂತದ ರೋಗಿಗಳಿಂದಷ್ಟೇ ತೆಗೆಯುತ್ತದೆ. ಅವನ್ನು ಮೊದಲೇ ಬರೆದಿಟ್ಟ ತೂಕದಲ್ಲಿ ಕೂಡಿಸುತ್ತದೆ. ಎರಡನೇ ಹಂತದಲ್ಲಿ 50ರ ಜಾಗದಲ್ಲಿ 128 ಬಂದರೂ ತೂಕ ಅರ್ಧ–ಅರ್ಧವೇ. ಎರಡನೇ ಹಂತದ ಪಿ 0.03 ಬಂತು ಎನ್ನಿ, ಝಡ್ 1.881. 1.40ಕ್ಕೆ ಕೂಡಿಸಿ ಭಾಗಿಸಿದರೆ 2.32. ಗಡಿ 1.977. ಗೆದ್ದಂತೆ.

ಇದಕ್ಕೊಂದು ಬೆಲೆಯಿದೆ, ಅದನ್ನು ಮುಚ್ಚಿಡಬಾರದು. ತೂಕ ಸಮವಾಗಿ, ಸಂಖ್ಯೆ 50 ಮತ್ತು 128 ಆದಾಗ ಮೊದಲ ಹಂತದ ಒಬ್ಬ ರೋಗಿಯ ಮಾತು ಎರಡನೇ ಹಂತದವರದ್ದಕ್ಕಿಂತ 1.6 ಪಟ್ಟು ಹೆಚ್ಚು ಸಲ್ಲುತ್ತದೆ. ಎಲ್ಲ ರೋಗಿಗಳೂ ಒಂದೇ ತೂಕಕ್ಕೆ ಅರ್ಹರು ಎನ್ನುವವರ ಆಕ್ಷೇಪ ಸರಿಯಾದದ್ದೇ. ಉತ್ತರ ಇಷ್ಟೇ: ಸಂಖ್ಯೆಯನ್ನು ಅಪಾರವಾಗಿ ಏರಿಸಬೇಡಿ.

ಏರಿಸಬಾರದು ಎನ್ನಲು ಇದಕ್ಕಿಂತ ದೊಡ್ಡ ಕಾರಣವೂ ಇದೆ. ಮೊದಲ ಹಂತದಲ್ಲಿ 0.28ರ ಬದಲು 0.20 ಕಂಡಿದ್ದರೆ ಅದೇ 80% ನಿಯಮ ಪ್ರತಿ ಗುಂಪಿಗೆ 128ರ ಬದಲು 348 ರೋಗಿಗಳನ್ನು ಕೇಳುತ್ತದೆ. ಆದರೆ ಗುಂಪಿಗೆ 50 ರೋಗಿಗಳಿದ್ದಾಗ ಈ ಅಂದಾಜಿನ ಮಾನಕ ದೋಷವೇ 0.2. ಅಂದರೆ 0.28ಕ್ಕೂ 0.20ಕ್ಕೂ ಇರುವ ಅಂತರ ಬರೀ ಅದೃಷ್ಟದ ಏರಿಳಿತ. ಆ ಏರಿಳಿತವನ್ನು ನೆಚ್ಚಿ 440 ರೋಗಿಗಳನ್ನು ಹೆಚ್ಚಾಗಿ ಸೇರಿಸುವುದು ವಿವೇಕವಲ್ಲ. ಆರ್‌ಪ್ಯಾಕ್ಟ್ ಕಂಡ ವ್ಯತ್ಯಾಸವನ್ನೇ ಹಿಡಿದು ಕಂಡೀಷನಲ್ ಪವರ್ ಲೆಕ್ಕ ಹಾಕುವುದು ಅದರ ಪೂರ್ವನಿಗದಿ ನಡವಳಿಕೆ. ನೀವು ಪ್ರೋಟೋಕಾಲ್‌ನಲ್ಲಿ ಊಹಿಸಿದ ವ್ಯತ್ಯಾಸ, ಅಥವಾ ವೈದ್ಯಕೀಯವಾಗಿ ಅರ್ಥವಿರುವ ಕನಿಷ್ಠ ವ್ಯತ್ಯಾಸವನ್ನು ಕೊಟ್ಟು ಇದನ್ನು ಬದಲಿಸಬಹುದು. ಬದಲಿಸಲೇಬೇಕು. ಜೊತೆಗೆ ಹಂತವೊಂದರ ಗರಿಷ್ಠ ಸಂಖ್ಯೆಗೆ ಮಿತಿ ಹಾಕಬೇಕು. ನಮ್ಮ ಉದಾಹರಣೆಯಲ್ಲಿ ಎರಡನೇ ಹಂತಕ್ಕೆ ಒಟ್ಟು 200ರ ಮಿತಿ ಹಾಕಿದರೆ 0.28ಕ್ಕೆ ಸಿಗುವ ಪವರ್ 72%. 56 ರೋಗಿಗಳನ್ನು ಉಳಿಸಿ 8% ಬಿಟ್ಟುಕೊಟ್ಟಂತೆ. ಬಹಳಷ್ಟು ಟ್ರಯಲ್‌ಗಳಿಗೆ ಇದು ಒಳ್ಳೆಯ ವ್ಯಾಪಾರ.

ಮಿತಿಯ ಜೊತೆ ಮೆಟ್ಟಿಲೂ ಇರಲಿ. ಹೊಸ ಸಂಖ್ಯೆ 256 ಎಂದು ಹೊರಗೆ ಗೊತ್ತಾದರೆ, ಪ್ರೋಟೋಕಾಲ್ ಕೈಯಲ್ಲಿರುವ ಯಾರೇ ಆದರೂ ಹಿಂದಿನಿಂದ ಲೆಕ್ಕ ಹಾಕಿ ಮಧ್ಯಂತರ ವ್ಯತ್ಯಾಸ 0.28 ಎಂದು ಕಂಡುಹಿಡಿಯಬಹುದು. ಕೇಂದ್ರಗಳ ವೈದ್ಯರಿಗೆ, ಸ್ಪಾನ್ಸರ್ ಸಿಬ್ಬಂದಿಗೆ ಅದು ತಿಳಿದರೆ ಟ್ರಯಲ್‌ನ ಕುರುಡುತನವೇ, ಅಂದರೆ ಫಲಿತಾಂಶ ಯಾರಿಗೂ ತಿಳಿಯದಂತಿಡುವ ಗುಟ್ಟೇ ಹೋಯಿತು. "ಇದ್ದಷ್ಟೇ, ಇಲ್ಲವೇ ಒಂದೇ ಸಲಕ್ಕೆ ಇಂತಿಷ್ಟು" ಎನ್ನುವ ನಿಯಮ ಸುರಕ್ಷಿತ. ಎಎಂಎಲ್ ರಕ್ತ ಕ್ಯಾನ್ಸರ್‌ಗೆ ವೊಸಾರೊಕ್ಸಿನ್ ಪರೀಕ್ಷಿಸಿದ ವೆಲೋರ್ ಟ್ರಯಲ್ ಇದನ್ನೇ ಮಾಡಿತು. ಯೋಜನೆ 450 ರೋಗಿಗಳದ್ದು. ಮಧ್ಯಂತರದಲ್ಲಿ ಒಂದೇ ಜಿಗಿತಕ್ಕೆ 225 ಸೇರಿಸಿ 675 ಮಾಡಿದರು. ಕೊನೆಗೆ 711 ಜನ ಸೇರಿದರು. ಬದುಕುಳಿದ ಅವಧಿಯ ಮಧ್ಯಾಂಕ 7.5 ತಿಂಗಳು, ಪ್ಲಸೀಬೊ (ಹುಸಿ ಔಷಧ) ಗುಂಪಿನಲ್ಲಿ 6.1, ಮುಖ್ಯ ಪರೀಕ್ಷೆಯ ಪಿ 0.061. ಗುರಿ ಮುಟ್ಟಲಿಲ್ಲ. ಡಿಸೈನ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ರೋಗಿಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಔಷಧದ ಗುಣ ಹೆಚ್ಚುವುದಿಲ್ಲ ಎಂಬುದನ್ನು ಸ್ಪಾನ್ಸರ್‌ಗಳಿಗೆ ವಿವರಿಸುವಾಗ ಈ ಟ್ರಯಲ್ ಉಪಯೋಗಕ್ಕೆ ಬರುತ್ತದೆ. ಆರ್‌ಪ್ಯಾಕ್ಟ್‌ನಲ್ಲಿ ಇಂಥ ಮೆಟ್ಟಿಲು ನಿಯಮಕ್ಕೆ ಸಿದ್ಧ ಬಟನ್ ಹುಡುಕಬೇಡಿ. ಸಿಮ್ಯುಲೇಷನ್ (ಟ್ರಯಲನ್ನು ಕಂಪ್ಯೂಟರ್‌ನಲ್ಲಿ ಸಾವಿರಾರು ಸಲ ನಡೆಸಿ ನೋಡುವ) ಫಂಕ್ಷನ್‌ಗೆ ನಿಮ್ಮದೇ ನಿಯಮವನ್ನು ಪುಟ್ಟ ಆರ್ ಫಂಕ್ಷನ್ ಆಗಿ ಬರೆದು ಕೊಡಬಹುದು. ಹತ್ತು ಸಾಲು ಸಾಕು.

ಎಲ್ಲಿ ಎಡವುತ್ತಾರೆ

ಆರ್‌ಪ್ಯಾಕ್ಟ್‌ನ ಅತಿ ದೊಡ್ಡ ಕೊರತೆ ಲೆಕ್ಕದಲ್ಲಿಲ್ಲ, ಹೆಸರುಗಳಲ್ಲಿದೆ. ಕೆಲವು ಕಡೆ ಅದು ಸಂಖ್ಯೆಗಳನ್ನು ಅಲ್ಲಿಯವರೆಗಿನ ಮೊತ್ತವಾಗಿ ಕೇಳುತ್ತದೆ, ಕೆಲವು ಕಡೆ ಹಂತವೊಂದರದ್ದಾಗಿ. ಸಿಮ್ಯುಲೇಷನ್‌ನಲ್ಲಿ 'ಪ್ಲಾನ್ಡ್ ಸಬ್ಜೆಕ್ಟ್ಸ್' ಎಂದರೆ ಮೊತ್ತ: 100, 200. ಅದೇ ಫಂಕ್ಷನ್‌ನ ಕನಿಷ್ಠ ಮತ್ತು ಗರಿಷ್ಠ ಸಂಖ್ಯೆಗಳು ಹಂತವಾರು. ವಿಶ್ಲೇಷಣೆಯಲ್ಲಿ 'ಎನ್ ಪ್ಲಾನ್ಡ್' ಎಂದರೆ ಇನ್ನು ಮುಂದೆ ಸೇರಲಿರುವ ಹೊಸ ರೋಗಿಗಳು, ಅದೂ ಎರಡೂ ಗುಂಪು ಸೇರಿ. ಮೇಲಿನ ಉದಾಹರಣೆಯಲ್ಲಿ ಅಲ್ಲಿ 256 ಬರೆಯುವ ಬದಲು ಗುಂಪಿನ 128 ಬರೆದರೆ ಕಂಡೀಷನಲ್ ಪವರ್ 80% ಬದಲು ಸುಮಾರು 57% ತೋರಿಸುತ್ತದೆ. ಸಂಖ್ಯೆ ಅಸಹಜವಾಗಿ ಕಾಣದ ಕಾರಣ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಡೇಟಾ ತುಂಬಿಸುವ 'ಗೆಟ್ ಡೇಟಾಸೆಟ್' ಇನ್ನೂ ಸೂಕ್ಷ್ಮ. ಸುಮ್ಮನೆ ಸಂಖ್ಯೆ, ಸರಾಸರಿ, ಮಾನಕ ವಿಚಲನೆ ಕೊಟ್ಟರೆ ಅವು ಹಂತವಾರು ಎಂದೇ ಹಿಡಿಯುತ್ತದೆ. ಮೊತ್ತದ ಅಂಕಿಗಳನ್ನು ಕೊಡಬೇಕಾದರೆ ಹೆಸರಿನ ಮುಂದೆ 'ಕಮ್' ಅಥವಾ 'ಓವರಾಲ್' ಸೇರಿಸಬೇಕು. ಡೇಟಾ ಮ್ಯಾನೇಜ್‌ಮೆಂಟ್ ತಂಡದಿಂದ ಬರುವ ಕೋಷ್ಟಕ ಸಾಮಾನ್ಯವಾಗಿ ಮೊತ್ತದ್ದು. ಅದನ್ನು ಹಾಗೇ ಹಂತವಾರು ಜಾಗದಲ್ಲಿ ತುಂಬಿಸಿದರೆ ಮೊದಲ ಹಂತದ ರೋಗಿಗಳು ಎರಡು ಸಲ ಎಣಿಕೆಗೆ ಬಂದು, ಎರಡು ಪಿ-ಮೌಲ್ಯಗಳು ಪರಸ್ಪರ ಸ್ವತಂತ್ರ ಎನ್ನುವ ಆಧಾರವೇ ಕುಸಿಯುತ್ತದೆ. ತಪ್ಪು ಗೆಲುವು ಹುಟ್ಟುವುದು ಇಂಥಲ್ಲಿ. ಡೇಟಾಸೆಟ್ ವಸ್ತುವನ್ನು ಪ್ರಿಂಟ್ ಮಾಡಿದರೆ ಹಂತವಾರು ಮತ್ತು ಮೊತ್ತ ಎರಡನ್ನೂ ತೋರಿಸುತ್ತದೆ. ಆ ಪ್ರಿಂಟನ್ನು ಇನ್ನೊಬ್ಬರು ಓದಿ ಸಹಿ ಹಾಕುವ ಪದ್ಧತಿ ಇಟ್ಟುಕೊಳ್ಳಿ.

ಗುಂಪು 1 ಯಾವಾಗಲೂ ಔಷಧ, ಗುಂಪು 2 ಹೋಲಿಕೆಯದು. ಹಂಚಿಕೆ ಅನುಪಾತ ಎಂದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದ್ದು. ಮೂರು ನಾಲ್ಕು ಗುಂಪುಗಳ ಟ್ರಯಲ್‌ನಲ್ಲಿ ಕೊನೆಯ ಗುಂಪೇ ಹೋಲಿಕೆಯದು. ಬದುಕುಳಿಯುವ ಅವಧಿಯ ಟ್ರಯಲ್‌ನಲ್ಲಿ ಅಪಾಯ ಅನುಪಾತ 1ಕ್ಕಿಂತ ಕಡಿಮೆ ಇರುವುದೇ ಒಳಿತಾದ್ದರಿಂದ ದಿಕ್ಕನ್ನು ಸ್ಪಷ್ಟವಾಗಿ ಕೆಳಮುಖ ಎಂದು ಹೇಳಬೇಕು. ಬೇಕಾಗುವ ಸಂಖ್ಯೆಯನ್ನು ಅದು ದಶಮಾಂಶದಲ್ಲಿ ಕೊಡುತ್ತದೆ. ಮೇಲಕ್ಕೆ ಏರಿಸಿ, ಗುಂಪುಗಳ ಅನುಪಾತಕ್ಕೆ ಹೊಂದಿಸಿಕೊಳ್ಳುವುದು ನಿಮ್ಮ ಕೆಲಸ. ಮಧ್ಯದಲ್ಲಿ ಬಿಟ್ಟುಹೋಗುವವರಿಗೆ ಸೇರಿಸಬೇಕಾದ ಶೇಕಡಾವಾರು ಅದಾದ ಮೇಲೆ.

ನಿಲ್ಲಿಸುವ ನಿಯಮ

ಗುಣವಿಲ್ಲವೆಂದು ಅರ್ಧದಲ್ಲೇ ನಿಲ್ಲಿಸುವ ಫ್ಯುಟಿಲಿಟಿ ಗಡಿಯನ್ನು ಆರ್‌ಪ್ಯಾಕ್ಟ್ ಝಡ್ ಅಳತೆಯಲ್ಲಿ ಕೇಳುತ್ತದೆ. ಅಲ್ಲಿ ಕಂಡೀಷನಲ್ ಪವರ್‌ನ 0.2 ಬರೆದುಬಿಟ್ಟರೆ ಝಡ್ 0.2 ಎಂದು ಓದುತ್ತದೆ. ನಮ್ಮ ಉದಾಹರಣೆಗೆ ಸರಳವಾಗಿ 0 ಕೊಡಿ: ಔಷಧ ಪ್ಲಸೀಬೊಗಿಂತ ಕೀಳಾಗಿ ಕಂಡರೆ ನಿಲ್ಲಿಸು ಎಂದರ್ಥ. ಗುಣವೇ ಇಲ್ಲದ ಔಷಧಗಳಲ್ಲಿ ಅರ್ಧದಷ್ಟು ಇಲ್ಲೇ ನಿಲ್ಲುತ್ತವೆ. ನಿಜವಾದ ವ್ಯತ್ಯಾಸ 0.4 ಇದ್ದರೆ ತಪ್ಪಾಗಿ ನಿಲ್ಲುವ ಸಂಭವ 2.3% ಮಾತ್ರ. ಇಷ್ಟು ಕಡಿಮೆ ಬೆಲೆಗೆ ಇಷ್ಟು ಲಾಭ ಅಡಾಪ್ಟಿವ್ ಡಿಸೈನ್‌ನಲ್ಲಿ ಬೇರೆಲ್ಲೂ ಸಿಗದು.

ಈ ಗಡಿ ಕಡ್ಡಾಯವಲ್ಲ ಎನ್ನುವುದು ಪೂರ್ವನಿಗದಿ. ಅದನ್ನು ಹಾಗೇ ಬಿಡಿ. ಕಡ್ಡಾಯ ಎಂದು ಬದಲಿಸಿದರೆ ಗೆಲುವಿನ ಗಡಿ ತುಸು ಇಳಿಯುತ್ತದೆ ನಿಜ. ಆದರೆ ಗಡಿ ತಾಗಿದ ಮೇಲೂ ಡೇಟಾ ಮಾನಿಟರಿಂಗ್ ಕಮಿಟಿ (ಮಧ್ಯಂತರ ಫಲಿತಾಂಶ ನೋಡುವ ಸ್ವತಂತ್ರ ತಂಡ) ಸುರಕ್ಷತೆಯ ಅಥವಾ ಬೇರೆ ಕಾರಣಕ್ಕೆ ಟ್ರಯಲ್ ಮುಂದುವರಿಸಿದರೆ ಆಲ್ಫಾದ ಖಾತರಿ ಉಳಿಯುವುದಿಲ್ಲ. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2019ರ ನವೆಂಬರ್‌ನಲ್ಲಿ ಹೊರತಂದ ಅಡಾಪ್ಟಿವ್ ಡಿಸೈನ್ ಮಾರ್ಗಸೂಚಿಯನ್ನು ಓದಿದವರಿಗೆ ಇದು ಹೊಸದಲ್ಲ.

ನಿಲ್ಲಿಸುವ ನಿಯಮದ ಹಿಂದಿನ ಊಹೆಗಳೂ ಮುಖ್ಯ. ಆಲ್‌ಝೈಮರ್‌ಗೆ ಅಡುಕನುಮ್ಯಾಬ್ ಪರೀಕ್ಷಿಸಿದ ಎಮರ್ಜ್ ಮತ್ತು ಎಂಗೇಜ್ ಟ್ರಯಲ್‌ಗಳನ್ನು 2019ರ ಮಾರ್ಚ್‌ನಲ್ಲಿ ಫ್ಯುಟಿಲಿಟಿ ಆಧಾರದ ಮೇಲೆ ನಿಲ್ಲಿಸಲಾಯಿತು. ಕಂಡೀಷನಲ್ ಪವರ್ ಲೆಕ್ಕದಲ್ಲಿ ಎರಡೂ ಟ್ರಯಲ್‌ಗಳ ಡೇಟಾವನ್ನು ಸೇರಿಸಲಾಗಿತ್ತು, ಎರಡರಲ್ಲೂ ಔಷಧದ ಪರಿಣಾಮ ಒಂದೇ ಎಂಬ ಊಹೆಯ ಮೇಲೆ. ಪೂರ್ತಿ ಡೇಟಾ ಬಂದಾಗ ಎರಡು ಟ್ರಯಲ್‌ಗಳು ಎರಡು ದಾರಿ ಹಿಡಿದಿದ್ದವು: ಎಮರ್ಜ್ ಮುಖ್ಯ ಗುರಿ ಮುಟ್ಟಿತ್ತು, ಎಂಗೇಜ್ ಮುಟ್ಟಿರಲಿಲ್ಲ. ನಂತರದ ವರ್ಷಗಳ ವಾದವಿವಾದಕ್ಕೆಲ್ಲ ಮೂಲ ಅಲ್ಲಿದೆ. ಆರ್‌ಪ್ಯಾಕ್ಟ್ ನಿಮ್ಮ ಊಹೆಯನ್ನು ಪ್ರಶ್ನಿಸುವುದಿಲ್ಲ. ಊಹೆ ಸುಳ್ಳಾದರೆ ಏನಾಗುತ್ತದೆಂದು ನೀವೇ ಸಿಮ್ಯುಲೇಷನ್ ನಡೆಸಿ ನೋಡಬೇಕು.

ಆ ಸಿಮ್ಯುಲೇಷನ್ ಬಗ್ಗೆ ಒಂದು ಮಾತು. ಸುತ್ತುಗಳ ಪೂರ್ವನಿಗದಿ ಸಂಖ್ಯೆ 1,000. ಪವರ್ ಅಂದಾಜಿಗೆ, ಪ್ರಯೋಗ ನೋಡಲಿಕ್ಕೆ ಅಷ್ಟು ನಡೆದೀತು. ಆಲ್ಫಾ 0.025 ಇದೆಯೇ ಎಂದು ಪರೀಕ್ಷಿಸಲು ಅದು ಸಾಲದು. ಮಾನಕ ದೋಷವೇ 0.005 ಇರುತ್ತದೆ, 0.016 ಬಂದರೂ 0.034 ಬಂದರೂ ಆಶ್ಚರ್ಯವಿಲ್ಲ. ಕನಿಷ್ಠ 1,00,000 ಸುತ್ತು ಕೊಡಿ, ದೋಷ 0.0005ಕ್ಕೆ ಇಳಿಯುತ್ತದೆ. ಒಳಗಿನ ಭಾರದ ಕೆಲಸ ಸಿ++ನಲ್ಲಿ ಇರುವುದರಿಂದ ಸಾದಾ ಲ್ಯಾಪ್‌ಟಾಪ್‌ನಲ್ಲೂ ಎರಡು ಗುಂಪಿನ ಸಿಮ್ಯುಲೇಷನ್ ಸತಾಯಿಸುವುದಿಲ್ಲ. ಮತ್ತೆ ನಡೆಸಿದಾಗಲೂ ಅದೇ ಫಲಿತಾಂಶ ಬರುವಂತೆ ಸೀಡ್ (ಆರಂಭದ ಸಂಖ್ಯೆ) ಕೊಡುವುದನ್ನು ಮರೆಯಬೇಡಿ.

ಹಲವು ಡೋಸ್, ಹಲವು ಗುಂಪು

ಮೂರು ಡೋಸ್ ಮತ್ತು ಪ್ಲಸೀಬೊ ಇಟ್ಟು ಶುರುಮಾಡಿ, ಮಧ್ಯಂತರದಲ್ಲಿ ಒಳ್ಳೆಯದೊಂದನ್ನು ಉಳಿಸಿಕೊಳ್ಳುವ ಟ್ರಯಲ್ ಈ ಪ್ಯಾಕೇಜ್‌ನ ಇನ್ನೊಂದು ಬಲ. ಹಲವು ಡೋಸ್ ಪರೀಕ್ಷಿಸಿದರೂ ಆಲ್ಫಾ ಕೆಡದಂತೆ ಕಾಯುವ ಕ್ಲೋಸ್ಡ್ ಟೆಸ್ಟಿಂಗ್ ತತ್ವದಂತೆ ಮೂರು ಡೋಸ್‌ಗೆ 7 ಕೂಡು-ಊಹೆಗಳನ್ನು (ಒಂದೊಂದು ಡೋಸ್‌ಗೂ ಅವುಗಳ ಎಲ್ಲ ಜೋಡಣೆಗಳಿಗೂ ಗುಣವಿಲ್ಲ ಎಂಬ ಊಹೆಗಳನ್ನು) ಪರೀಕ್ಷಿಸಬೇಕು. ಅದೆಲ್ಲವನ್ನೂ ಅದೇ ಮಾಡಿಕೊಳ್ಳುತ್ತದೆ. ಪೂರ್ವನಿಗದಿ ಡನೆಟ್ ಪರೀಕ್ಷೆ. ಬೇಕಾದರೆ ಸೈಮ್ಸ್, ಬಾನ್‌ಫೆರೋನಿ. ಆಯ್ಕೆಯ ನಿಯಮಕ್ಕೆ "ಎಲ್ಲಕ್ಕಿಂತ ಒಳ್ಳೆಯದು", "ಮೊದಲ ಇಷ್ಟು", "ಒಳ್ಳೆಯದಕ್ಕೆ ಇಷ್ಟು ಹತ್ತಿರವಿರುವ ಎಲ್ಲವೂ" ಎಂಬ ಸಿದ್ಧ ದಾರಿಗಳಿವೆ. ಕೈಬಿಟ್ಟ ಡೋಸ್‌ನ ಎರಡನೇ ಹಂತದ ಜಾಗದಲ್ಲಿ 'ಎನ್‌ಎ' ಬರೆಯಬೇಕು, ಸೊನ್ನೆಯಲ್ಲ.

ಬದುಕುಳಿಯುವ ಅವಧಿಯ ಟ್ರಯಲ್‌ನಲ್ಲಿ ಮಾತ್ರ ಒಂದು ಹೊಂಡವಿದೆ, ಅನುಭವಿಗಳೂ ಬೀಳುವಂಥದ್ದು. ಮೊದಲ ಹಂತದಲ್ಲಿ ಸೇರಿದ ರೋಗಿ ಎರಡನೇ ಹಂತದಲ್ಲೂ ಬದುಕಿರುತ್ತಾನೆ. ಅವನ ಸಾವು ಎರಡನೇ ಹಂತದ ಲೆಕ್ಕಕ್ಕೆ ಹೋಗುತ್ತದೆ. ಮಧ್ಯಂತರದ ತೀರ್ಮಾನಕ್ಕೆ ಸಾವಿನ ಅಂಕಿಯನ್ನಷ್ಟೇ ಬಳಸಿದರೆ ತೊಂದರೆಯಿಲ್ಲ. ಆದರೆ ಗೆಡ್ಡೆ ಬೆಳೆಯಿತೇ ಇಲ್ಲವೇ ಎಂಬ ಮಾಹಿತಿ ನೋಡಿ ಗುಂಪನ್ನು ಕೈಬಿಟ್ಟರೆ, ಆ ರೋಗಿಯ ಮುಂದಿನ ಗತಿಯ ಸುಳಿವನ್ನು ಮೊದಲೇ ಬಳಸಿಕೊಂಡಂತೆ. ಆಲ್ಫಾದ ಖಾತರಿ ಉಳಿಯುವುದಿಲ್ಲ. ಬಾವರ್ ಮತ್ತು ಪೋಶ್ 2004ರಲ್ಲಿ ಎತ್ತಿ ತೋರಿಸಿದ ಸಮಸ್ಯೆ ಇದು. ಪರಿಹಾರ, ಹಂತಗಳನ್ನು ಸಾವಿನ ದಿನಾಂಕದಿಂದಲ್ಲ, ರೋಗಿ ಸೇರಿದ ದಿನಾಂಕದಿಂದ ಬೇರ್ಪಡಿಸಿ, ಮೊದಲ ಹಂತದವರನ್ನು ಎಷ್ಟು ಕಾಲ ಹಿಂಬಾಲಿಸುತ್ತೇವೆಂದು ಮೊದಲೇ ಗೊತ್ತುಮಾಡುವುದು. ಆರ್‌ಪ್ಯಾಕ್ಟ್‌ಗೆ ನೀವು ಕೊಡುವುದು ಗುಂಪುಗಳ ಬದುಕುಳಿವನ್ನು ಹೋಲಿಸುವ ಲಾಗ್‌ರ‍್ಯಾಂಕ್ ಅಂಕಿ ಮಾತ್ರ. ಅದು ಯಾವ ಮಾಹಿತಿ ನೋಡಿದ ಮೇಲೆ ಬಂದದ್ದೆಂದು ತಿಳಿಯಲು ಅದಕ್ಕೆ ದಾರಿಯಿಲ್ಲ.

ಕೊನೆಯ ಅಂದಾಜು, ಕಾಗದಪತ್ರ, ಬೇರೆ ಆಯ್ಕೆಗಳು

ಗೆದ್ದ ಮೇಲೆ ವ್ಯತ್ಯಾಸ ಎಷ್ಟೆಂದು ಬರೆಯಬೇಕಲ್ಲ. ಸಾದಾ ಸರಾಸರಿ ವ್ಯತ್ಯಾಸ ಇಲ್ಲಿ ಒಂದು ಕಡೆಗೆ ವಾಲಿರುತ್ತದೆ. ಆರ್‌ಪ್ಯಾಕ್ಟ್ ಎರಡು ಬಗೆಯ ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಕೊಡುತ್ತದೆ. ಪುನರಾವರ್ತಿತ ವಿಶ್ವಾಸಾಂತರ ಯಾವ ಬದಲಾವಣೆ ಮಾಡಿದ್ದರೂ ಸಲ್ಲುತ್ತದೆ, ಆದರೆ ಅಗಲ ಹೆಚ್ಚು. ಅಂತಿಮ ವಿಶ್ವಾಸಾಂತರ ಬಿಗಿಯಾಗಿದೆ, ಆದರೆ ಎರಡಕ್ಕಿಂತ ಹೆಚ್ಚು ಹಂತಗಳಿದ್ದಾಗ ರೋಗಿಗಳ ಸಂಖ್ಯೆ ಬದಲಿಸಿರದಿದ್ದರೆ ಮಾತ್ರ ಸಿಂಧು. ಪ್ಯಾಕೇಜ್ ಇದನ್ನು ಸಂದೇಶವಾಗಿ ತೋರಿಸುತ್ತದೆ. ಆ ಸಂದೇಶವನ್ನು ಓದದೆ ಸಂಖ್ಯೆಯನ್ನಷ್ಟೇ ನಕಲು ಮಾಡುವ ಅಭ್ಯಾಸ ಬೇಡ.

ನಿಯಂತ್ರಣ ಸಂಸ್ಥೆಗೆ ಸಲ್ಲಿಸುವ ಕೆಲಸವಾದರೆ ಸಾಫ್ಟ್‌ವೇರ್‌ನ ಲೆಕ್ಕ ಸರಿಯಿದೆ ಎಂದು ತೋರಿಸುವ ವ್ಯಾಲಿಡೇಷನ್ ದಾಖಲೆ ಕೇಳುತ್ತಾರೆ. ಪ್ಯಾಕೇಜ್ ಉಚಿತ, ಪೂರ್ತಿ ವ್ಯಾಲಿಡೇಷನ್ ದಾಖಲೆ ಮತ್ತು ಪೂರ್ತಿ ಪರೀಕ್ಷಾ ಸರಣಿ ಹಣ ಕೊಟ್ಟು ಒಪ್ಪಂದ ಮಾಡಿಕೊಂಡವರಿಗೆ. ಇದು ನ್ಯಾಯವಾದ ವ್ಯವಸ್ಥೆಯೇ. ಒಪ್ಪಂದವಿಲ್ಲದ ಕಾಲೇಜು, ಆಸ್ಪತ್ರೆಗಳವರು ತಮ್ಮ ಡಿಸೈನ್‌ನ ಗಡಿಗಳನ್ನು ಜಿಎಸ್‌ಡಿಸೈನ್ ಎಂಬ ಇನ್ನೊಂದು ಆರ್ ಪ್ಯಾಕೇಜ್‌ನಲ್ಲಿ ಇನ್ನೊಮ್ಮೆ ಲೆಕ್ಕ ಹಾಕಿ, ಮೂರು ದಶಮಾಂಶದವರೆಗೆ ಹೊಂದುತ್ತದೆಂದು ದಾಖಲಿಸಿಟ್ಟರೆ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಎಥಿಕ್ಸ್ ಕಮಿಟಿಯ ಅರ್ಜಿಯಲ್ಲಿ, ವಿಮೆಯಲ್ಲಿ, ಔಷಧ ತಯಾರಿಕೆಯ ಯೋಜನೆಯಲ್ಲಿ ಗರಿಷ್ಠ ಸಂಖ್ಯೆಯನ್ನೇ ನಮೂದಿಸಿ. 200 ಎಂದು ಬರೆದು ಮಧ್ಯದಲ್ಲಿ 300ಕ್ಕೆ ಹೋದರೆ ಔಷಧದ ಬಾಟಲಿಗಾಗಿಯೇ ಟ್ರಯಲ್ ತಿಂಗಳುಗಟ್ಟಲೆ ಕಾಯಬೇಕಾದೀತು. ನಿಯಮ ಪ್ರೋಟೋಕಾಲ್‌ನಲ್ಲಿದ್ದರೂ, ಎಷ್ಟಕ್ಕೆ ಏರುತ್ತದೆಂಬ ಸೂತ್ರದ ವಿವರ ಮಾತ್ರ ಡೇಟಾ ಮಾನಿಟರಿಂಗ್ ಕಮಿಟಿಯ ಮುಚ್ಚಿದ ದಾಖಲೆಯಲ್ಲಿರಲಿ. ಮಧ್ಯಂತರ ಲೆಕ್ಕ ಮಾಡುವ ಸಂಖ್ಯಾಶಾಸ್ತ್ರಜ್ಞರು ಟ್ರಯಲ್ ನಡೆಸುವ ತಂಡದ ಹೊರಗಿನವರಾಗಿರಬೇಕು. ಪ್ರಕಟಿಸುವಾಗ 2020ರ ಏಸ್ ಹೇಳಿಕೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಟ್ರಯಲ್ ವರದಿ ಬರೆಯಲು ಬಳಸುವ ಕನ್ಸಾರ್ಟ್ ಪಟ್ಟಿಯನ್ನು ಅಡಾಪ್ಟಿವ್ ಡಿಸೈನ್‌ಗೆ ಹಿಗ್ಗಿಸಿದ್ದು ಅದು.

ಬರೀ ಗ್ರೂಪ್ ಸೀಕ್ವೆನ್ಷಿಯಲ್ ಸಾಕು, ಸಂಖ್ಯೆ ಬದಲಿಸುವುದಿಲ್ಲ ಎನ್ನುವವರಿಗೆ ಜಿಎಸ್‌ಡಿಸೈನ್ ಅಷ್ಟೇ ಒಳ್ಳೆಯದು. ಎಸ್‌ಎಎಸ್ ಸಾಫ್ಟ್‌ವೇರ್ ಬಿಟ್ಟು ಕದಲಲಾಗದ ಬೆಂಗಳೂರಿನ ಸಿಆರ್‌ಒ (ಗುತ್ತಿಗೆಗೆ ಟ್ರಯಲ್ ನಡೆಸುವ ಸಂಸ್ಥೆ) ತಂಡಗಳಿಗೆ ಅದರೊಳಗೇ ಸೀಕ್‌ಡಿಸೈನ್, ಸೀಕ್‌ಟೆಸ್ಟ್ ಎಂಬ ಪ್ರೊಸೀಜರ್‌ಗಳಿವೆ. ಸೈಟೆಲ್‌ನ ಈಸ್ಟ್ ಹಣ ಕೊಟ್ಟು ಕೊಳ್ಳುವವರದ್ದು. ಪರದೆಯ ಮೇಲೆ ಎಲ್ಲವೂ ಸಿದ್ಧವಾಗಿ ಬೇಕೆನ್ನುವವರಿಗೆ ಹೊಂದುತ್ತದೆ. ಬೇಸಿಯನ್ ವಿಧಾನ, ಚೆನ್ನಾಗಿ ಕೆಲಸ ಮಾಡುತ್ತಿರುವ ಗುಂಪಿಗೆ ಹೆಚ್ಚು ರೋಗಿಗಳನ್ನು ಹಂಚುವ ವಿಧಾನ, ರೀಮ್ಯಾಪ್-ಕ್ಯಾಪ್‌ನಂತೆ ವರ್ಷಗಟ್ಟಲೆ ಹೊಸ ಔಷಧಗಳನ್ನು ಸೇರಿಸುತ್ತ ಹೋಗುವ ಪ್ಲಾಟ್‌ಫಾರ್ಮ್ ಟ್ರಯಲ್ — ಇವು ನಿಮ್ಮ ಗುರಿಯಾಗಿದ್ದರೆ ಆರ್‌ಪ್ಯಾಕ್ಟ್ ನಿಮಗಲ್ಲ. ಬೆರಿ ಕನ್ಸಲ್ಟಂಟ್ಸ್‌ನ ಫ್ಯಾಕ್ಟ್ಸ್ ಕಡೆ ನೋಡಿ. ಎರಡು ಅಥವಾ ಮೂರು ಹಂತ, ಒಂದು ಸ್ಪಷ್ಟ ಮುಖ್ಯ ಫಲಿತಾಂಶ, ಮೊದಲೇ ಬರೆದಿಟ್ಟ ನಿಯಮ ಇಷ್ಟಿದ್ದರೆ ಇವತ್ತೇ ಶೈನಿ ಆವೃತ್ತಿ ತೆರೆದು ಮೇಲಿನ 0.4ರ ಉದಾಹರಣೆಯನ್ನು ನೀವೇ ಹಾಕಿ ನೋಡಿ. 2.797 ಮತ್ತು 1.977 ಬರಬೇಕು.